ಲಾಳಿ ಹೊಡೆದ ತಲೆ

ಮಗ್ಗದಿಂದ ಹಾರಿದ ಲಾಳಿ ಗಂಟಕ್ಕನ ಎಡ ಕಣತಲೆಗೆ ಬಡಿದಾಗ ಕಾರ್ಖಾನೆ ತಕ್ಷಣ ಎರಡು ಕ್ರಮ ಕೈಗೊಂಡಿತು. ಅವಳನ್ನು ಆಸ್ಪತ್ರೆಗೆ ಸಾಗಿಸಿತು. ಮೂರು ತಿಂಗಳಿಂದ ಅವಳ ಮಗ್ಗಕ್ಕೆ ಇಲ್ಲದಿದ್ದ ಗಾರ್ಡನ್ನು ತಂದು ಹಾಕಿತು. ಎರಡನೆಯ ಕೆಲಸ ಮೊದಲು ಮುಗಿಯಿತು.

ಗಾರ್ಡ್ ಎಂದರೆ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ದಾರಿ ತಪ್ಪಿ ಹಾರದಂತೆ ತಡೆಯುವ ಕಬ್ಬಿಣದ ಸರಳು. ನೂಲು ಹರಿದಾಗಲೆಲ್ಲ ಅದನ್ನೆತ್ತಿ, ಗಂಟು ಹಾಕಿ, ಮತ್ತೆ ಇಳಿಸಬೇಕು. ಅಷ್ಟು ಹೊತ್ತು ಮಗ್ಗ ನಿಂತಿರುತ್ತದೆ. ಮಗ್ಗ ನಿಂತರೆ ಮ್ಯಾನೇಜರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಅವರೇ ಎದುರು ನಿಂತು ಅದನ್ನು ಬಿಚ್ಚಿಸಿದ್ದರು. ಆ ದಿನ ಮಗ್ಗದ ಬಳಿ ಇದ್ದವರು ಮೂವರು: ಮ್ಯಾನೇಜರು, ಸ್ಪ್ಯಾನರ್ ಹಿಡಿದ ಮೇಸ್ತ್ರಿ, ಗಂಟಕ್ಕ. ಈಗ ಮ್ಯಾನೇಜರಿಗೆ ಅದು ನೆನಪಿಲ್ಲ. ಅವರಿಗೆ ಎಷ್ಟು ನೆನಪಿದೆಯೋ ಮೇಸ್ತ್ರಿಗೂ ಅಷ್ಟೇ ನೆನಪು. ತಲೆಗೆ ಪೆಟ್ಟು ಬಿದ್ದಿದ್ದು ಮಾತ್ರ ಗಂಟಕ್ಕನಿಗೆ.

ಅವಳಿಗೆ ಎಲ್ಲವೂ ನೆನಪಿತ್ತು. ಮಾತು ಹೋಗಿತ್ತು. ಹರಿದ ನೂಲಿಗೆ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುತ್ತಿದ್ದ, ಅವಳಿಗೆ ಆ ಹೆಸರನ್ನೇ ತಂದುಕೊಟ್ಟಿದ್ದ ಬಲಗೈ ಮಡಿಲಲ್ಲಿ ಬೇರೆಯವರ ಕೈಯಂತೆ ಬಿದ್ದಿರುತ್ತಿತ್ತು.

ಮೊದಲು ಮರಳಿದ ಮಾತು ಬೈಗುಳ. ಹದಿನೆಂಟು ವರ್ಷದ ಮಗ್ಗದ ಕೆಲಸದಲ್ಲಿ ಯಾರಿಗೂ ‘ಲೋ’ ಅನ್ನದವಳು, ಹಣ್ಣಿನ ಬುಟ್ಟಿ ಹಿಡಿದು ವಾರ್ಡಿಗೆ ಬಂದ ಮ್ಯಾನೇಜರನ್ನು ನೋಡಿ ಸ್ಪಷ್ಟವಾಗಿ, “ಥೂ, ಹಾಳಾದವನೇ!” ಅಂದಳು.

ಮ್ಯಾನೇಜರು ಬುಟ್ಟಿಯನ್ನು ಪಕ್ಕದ ಹಾಸಿಗೆಯ ರೋಗಿಗೆ ಕೊಟ್ಟು ಹೊರಟರು.

“ಅತ್ತಿಗೆಗೆ ವಾಸಿ ಆಗ್ತಿದೆ, ಅಲ್ವಾ ಮೇಡಂ?” ಅಂದಳು ನಾದಿನಿ. ಅವಳದ್ದೂ ಅದೇ ಮಗ್ಗದ ಶೆಡ್ಡು, ಆದರೆ ಬೇರೆ ಪಾಳಿ.

ಮಾತು ಕಲಿಸಲು ಬರುತ್ತಿದ್ದ ಮೇಡಂ ನಕ್ಕರು. “ಬೈಗುಳ, ಎಣಿಕೆ, ಹಾಡು ಇವೆಲ್ಲ ಬಾಯಿಪಾಠದ ಮಾತು. ಬೇಗ ಬರುತ್ವೆ. ಯೋಚಿಸಿ ಆಡೋ ಮಾತಿಗೇ ಕಷ್ಟ.”

ನಿಜವೇ. ಐದು ಅನ್ನಿ ಅಂದರೆ ಗಂಟಕ್ಕ ಬಾಯಿ ಕಳೆದು ಕೂರುತ್ತಿದ್ದಳು. ಒಂದರಿಂದ ಶುರು ಮಾಡಿದರೆ ಐದು ತಾನಾಗಿ ಬರುತ್ತಿತ್ತು, ನಿಲ್ಲಿಸಲಾಗದೆ ಇಪ್ಪತ್ತರವರೆಗೂ ಹೋಗುತ್ತಿತ್ತು.

“ಹೆದ್ದಾರಿ ಮುಚ್ಚಿದೆ. ಆದ್ರೆ ಮಿದುಳು ಕೈಕಟ್ಟಿ ಕೂರಲ್ಲ. ಸಂದಿಗೊಂದಿ ಹುಡುಕುತ್ತೆ. ನಾವು ದಿನಾ ತುಳಿದು ತುಳಿದು ಆ ದಾರಿ ಸವೆಸಬೇಕು,” ಅಂದರು ಮೇಡಂ.

“ನಮ್ಮ ಶೆಡ್ಡಲ್ಲಿ ಬೆಂಕಿ ಬಿದ್ರೆ ಓಡೋ ಬಾಗಿಲಿಗೂ ಬೀಗ ಇದೆ ಮೇಡಂ. ಪುಣ್ಯಕ್ಕೆ ತಲೆಯೊಳಗಿನ ಸಂದಿಯ ಕೀಲಿ ಮ್ಯಾನೇಜರ ಹತ್ರ ಇಲ್ಲ.”

ಮೇಡಂ ಮಾತಿಗೆ ರಾಗ ಹಚ್ಚಿ ಹೇಳಿಸಿ ನೋಡಿದರು. ಗಂಟಕ್ಕ ಮುಖ ಕಿವುಚಿದಳು. ಅವಳಿಗೆ ಹಾಡು ಎಂದೂ ಹಿಡಿಸಿದ್ದಲ್ಲ. ಒಂದು ಮಧ್ಯಾಹ್ನ ನಾದಿನಿ ಏನೋ ಯೋಚಿಸುತ್ತ ಮಂಚದ ಸರಳಿನ ಮೇಲೆ ಬೆರಳ ಗೆಣ್ಣು ಬಡಿಯುತ್ತಿದ್ದಳು: ಖಟಕ್ ಪಟಕ್, ಖಟಕ್ ಪಟಕ್. ಮಗ್ಗದ ಬಡಿತ.

“ನೀ-ರು, ಕೊ-ಡು,” ಅಂದಳು ಗಂಟಕ್ಕ, ಅದೇ ಬಡಿತಕ್ಕೆ.

ಆಶ್ಚರ್ಯವೇನಿಲ್ಲ. ಆ ತಲೆ ಹದಿನೆಂಟು ವರ್ಷ ಮಾತಾಡಿದ್ದು ಆ ಗದ್ದಲದಲ್ಲೇ. ಶೆಡ್ಡಿನಲ್ಲಿ ಕೂಗಿದರೂ ಕೇಳದು. ಹೆಂಗಸರು ತುಟಿ ಆಡಿಸುತ್ತಾರೆ, ಎದುರಿನವರು ತುಟಿ ಓದುತ್ತಾರೆ. ಮ್ಯಾನೇಜರ ಮೇಲಿನ ಅರ್ಧಕ್ಕರ್ಧ ಜೋಕುಗಳು ಹುಟ್ಟಿದ್ದು ಅವರ ಕಣ್ಣೆದುರಿಗೇ.

ಅಂದಿನಿಂದ ನಾದಿನಿ ಬಡಿದಳು, ಗಂಟಕ್ಕ ಆ ದಾರಿ ತುಳಿದಳು. ನಾಲ್ಕು ತಿಂಗಳು. ಗೆಣ್ಣು ಬಡಿದರೆ ಮಾತು, ನಿಲ್ಲಿಸಿದರೆ ಮೌನ.

ಅಪಘಾತದ ವಿಚಾರಣೆಗೆ ಅಷ್ಟು ತಾಳ್ಮೆ ಇರಲಿಲ್ಲ. ಎರಡು ಸಲ ಮುಂದೂಡಿದ್ದಾಗಿತ್ತು. ಗಾರ್ಡ್ ಇರಲಿಲ್ಲ ಎಂದ ನಾದಿನಿಯ ಹೇಳಿಕೆಯನ್ನು, ನೆಂಟರ ಮಾತು ಎಂದು ಬದಿಗಿಟ್ಟಿದ್ದರು. ಮೂರನೆಯದು ಕೊನೆಯದು. ಗಂಟಕ್ಕ ಬಾಯಿಬಿಡದಿದ್ದರೆ ಕಡತದಲ್ಲಿ ‘ಕಾರ್ಮಿಕಳ ಅಜಾಗರೂಕತೆ’ ಎಂದು ಬರೆದು ಮುಚ್ಚುವುದು. ಅವಳ ಕೆಲಸವೂ ಆ ಕಡತದೊಳಗೇ ಮುಚ್ಚಿಹೋಗುವುದು.

ಮ್ಯಾನೇಜರು ವಿಚಾರಣೆಯನ್ನು ಊಟದ ಬಿಡುವಿಗೆ ಇಟ್ಟರು. ಕೆಲಸದ ಹೊತ್ತಿನಲ್ಲಿ ನ್ಯಾಯಕ್ಕೆ ಬಿಡುವಿರುವುದಿಲ್ಲ. ಅವರ ಕೋಣೆಯ ಗಾಜಿನ ಆಚೆಗೇ ಶೆಡ್ಡು. ಮಗ್ಗಗಳೆಲ್ಲ ನಿಂತಿದ್ದವು. ಗೋಡೆ ಗಡಿಯಾರದ ಸದ್ದೂ ಕೇಳುವಷ್ಟು ಮೌನ.

“ಹೇಳಮ್ಮಾ, ಗಾರ್ಡ್ ಬಿಚ್ಚಿದ್ದು ಯಾರು?” ಅಂದರು ವಿಚಾರಣೆಯ ಅಧಿಕಾರಿ.

ಗಂಟಕ್ಕ ನಾದಿನಿಯ ಕಡೆ ತಿರುಗಿದಳು. ನಾದಿನಿ ಮೇಜಿನ ಮೇಲೆ ಗೆಣ್ಣು ಊರಿದಳು.

“ಏಯ್, ಏನಮ್ಮಾ ಅದು? ಇದು ಆಫೀಸು, ನಾಟಕದ ಸ್ಟೇಜ್ ಅಲ್ಲ,” ಅಂದರು ಮ್ಯಾನೇಜರು.

“ಬಡಿತ ಕೇಳಿದ್ರೆ ಅತ್ತಿಗೆ ಮಾತಾಡ್ತಾರೆ ಸಾರ್. ಮೇಡಂ ಚೀಟಿ ಬರೆದುಕೊಟ್ಟಿದ್ದಾರೆ, ನೋಡಿ.”

ಅಧಿಕಾರಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಹೇಳಿಕೆ ಯಾರ ನೆರವೂ ಇಲ್ಲದೆ ಕೊಡಬೇಕು ಅಂತ ನಿಯಮ ಇದೆ. ಕೈ ತೆಗಿಯಮ್ಮಾ.” ಅವರು ಕನ್ನಡಕ ಹಾಕಿಕೊಂಡಿದ್ದರು, ಕನ್ನಡಕದ ನೆರವು ನಿಯಮದಲ್ಲಿ ಬರುವುದಿಲ್ಲ.

“ಅವಳೇ ಹೇಳಲಿ,” ಮ್ಯಾನೇಜರ ದನಿಯಲ್ಲಿ ಕನಿಕರ ಸೋರುತ್ತಿತ್ತು. “ಮಿದುಳು ಸತ್ತರೆ ಸತ್ತ ಹಾಗೇ ಸಾರ್, ಮತ್ತೆ ಚಿಗುರಲ್ಲ. ನಾನೂ ಓದಿದ್ದೀನಿ. ಪಾಪ, ಯಾಕೆ ಹಿಂಸೆ?”

“ಒಂದು, ಎರಡು, ಮೂರು...” ಅಂದಳು ಗಂಟಕ್ಕ. ಹಣೆಯ ಮೇಲೆ ಬೆವರು. ಬೇಕಾದ ಮಾತು ಇಪ್ಪತ್ತರ ಆಚೆಯೂ ಸಿಗಲಿಲ್ಲ. ಅವಳ ಕಣ್ಣು ತುಂಬಿತು.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ‘ಕಾರ್ಮಿಕಳ’ ಎಂದು ಬರೆದರು.

ಊಟದ ಬಿಡುವು ಅರ್ಧ ಗಂಟೆ ಎಂದು ಗೋಡೆಯ ಮೇಲಿನ ಫಲಕದಲ್ಲಿ ಬರೆದಿತ್ತು. ಅದರಲ್ಲಿ ಹತ್ತು ನಿಮಿಷವನ್ನು ಮ್ಯಾನೇಜರು ಎರಡು ವರ್ಷದಿಂದ ದಿನಾ ಕದಿಯುತ್ತಿದ್ದರು. ಇಪ್ಪತ್ತನೇ ನಿಮಿಷಕ್ಕೆ ಮಗ್ಗ ಶುರುವಾಗಬೇಕು. ಕದ್ದೂ ಕದ್ದೂ ಅದು ಎಷ್ಟು ರೂಢಿಯಾಗಿತ್ತೆಂದರೆ, ಈ ಒಂದು ದಿನ ಬೇಡ ಎಂದು ಹೇಳಲು ಅವರಿಗೆ ಹೊಳೆದೇ ಇರಲಿಲ್ಲ.

ಇಪ್ಪತ್ತನೇ ನಿಮಿಷ. ಒಂದು ಮಗ್ಗ, ನಾಲ್ಕು, ನಲವತ್ತು. ಗಾಜು ಅದುರಿತು. ಮೇಜಿನ ಮೇಲಿನ ನೀರಿನ ಲೋಟ ಗಡಗಡ ಅಲುಗಿತು. ಖಟಕ್ ಪಟಕ್, ಖಟಕ್ ಪಟಕ್.

ಗಂಟಕ್ಕ ತಲೆಯೆತ್ತಿದಳು.

“ಗಾರ್-ಡು, ಬಿಚ್-ಚಿದ್ದು, ಮೇಸ್-ತ್ರಿ. ಬಿಚ್-ಚಿಸಿ, ದವ-ನು, ಇವ-ನು!” ಮಡಿಲಿನಿಂದ ಬಲಗೈ ಎದ್ದಿತು, ಪೂರ್ತಿ ಅಲ್ಲ, ಮೇಜಿನ ಅಂಚಿನವರೆಗೆ. ತೋರುಬೆರಳು ಮ್ಯಾನೇಜರ ಹೊಟ್ಟೆಯ ನೇರಕ್ಕೆ ನಿಂತಿತು. “ಬೇ-ಡ, ಸಾ-ರು, ಅಂ-ದೆ. ಟೈಂ, ವೇಸ್-ಟು, ಅಂ-ದ!”

“ನಿಲ್ಲಿಸಿ! ಮಗ್ಗ ನಿಲ್ಲಿಸಿ!” ಮ್ಯಾನೇಜರು ಗಾಜಿಗೆ ಅಂಗೈ ಬಡಿದು ಕಿರುಚಿದರು. ಗಂಟಕ್ಕ ನೆಲಕ್ಕೆ ಬಿದ್ದ ದಿನವೂ ಅವರು ಆಡದಿದ್ದ ಮಾತು.

ಶೆಡ್ಡಿನೊಳಗೆ ಅದು ಕೇಳುವ ಮಾತೇ ಇಲ್ಲ. ಆದರೆ ನಲವತ್ತು ಹೆಂಗಸರು ತಿರುಗಿ ಅವರ ತುಟಿ ನೋಡಿದರು. ಓದಿದರು. ಒಬ್ಬಳೂ ನಿಲ್ಲಿಸಲಿಲ್ಲ.

“ಇನ್ನೊಂದ್ಸಲ ಹೇಳಮ್ಮಾ,” ಅಧಿಕಾರಿ ‘ಕಾರ್ಮಿಕಳ’ ಎಂಬುದನ್ನು ಅಳಿಸುವುದೋ ಮುಂದುವರಿಸುವುದೋ ತಿಳಿಯದೆ ಕೂಗಿದರು. “ಯಾರ ನೆರವೂ ಇಲ್ಲ ತಾನೇ?”

“ನಾನು ಕೈ ಕಟ್ಟಿ ನಿಂತಿದ್ದೀನಿ ಸಾರ್!” ಅಂದಳು ನಾದಿನಿ. “ನೆರವು ಕೊಡ್ತಿರೋದು ಕಂಪನಿಯವರು!”

ಗಂಟಕ್ಕ ಮೂರು ಸಲ ಹೇಳಿದಳು. ಅಧಿಕಾರಿ ಹಾಳೆ ಬದಲಿಸಿ ಬರೆದುಕೊಂಡರು. ಕೊನೆಗೆ ಅವಳು ಮ್ಯಾನೇಜರನ್ನು ದಿಟ್ಟಿಸಿ, ಯಾವ ಬಡಿತವನ್ನೂ ಕಾಯದೆ ಇನ್ನೊಂದು ಮಾತು ಸೇರಿಸಿದಳು.

ಅಧಿಕಾರಿಯ ಪೆನ್ನು ನಿಂತಿತು. “ಇದನ್ನೂ ಬರೀಬೇಕಾ?”

“ಬರೀರಿ ಸಾರ್,” ಅಂದಳು ನಾದಿನಿ. “ಮೊದಲು ವಾಸಿಯಾದ ಮಾತೇ ಅದು.”