ಸಂಕ್ರಮಣದ ಸಲಾಮಿ

ರಂಜನ್‌ನ ಅಪ್ಪ ಅಮ್ಮ ಮದುವೆಯ ಮಾತಿಗೆ ಭಾನುವಾರ ಮುಂಬೈ ಕಡೆಯ ಠಾಕುರ್ಲಿಯಿಂದ ಸಾನಪಾಡಾದ ಮನೆಗೆ ಬರುತ್ತಾರೆಂದು ತಿಳಿದಾಗ ಶ್ರೀಮತಿಯಮ್ಮ ಗೋಡೆಯ ಕ್ಯಾಲೆಂಡರ್ ನೋಡಿ, ರಾಹುಕಾಲ ಕಳೆದ ಮೇಲೆ, ಆರೂವರೆಗೆ ಬರಲಿ ಎಂದರು. ಅದೇ ಚೌಕದಲ್ಲಿ ಸಂಕ್ರಮಣ ಎಂದೂ ಬರೆದಿತ್ತು. ಅದನ್ನು ಓದಿಯೂ ಬಿಟ್ಟರು.

ಮೊಮ್ಮಗಳು ಅಮೂಲ್ಯಾಳಿಗೆ ರಂಜನ್‌ನೇ ಆಗಬೇಕು, ಅಜ್ಜಿಗೂ ಅವನೇ ಆಗಬೇಕು. ಅಡ್ಡ ನಿಂತವನು ಅವಳ ಅಪ್ಪ ಸುದರ್ಶನ ಒಬ್ಬನೇ. ಕಾಮೋಠೆಯಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲ್ ನಡೆಸುವವನು.

"ಅವರು ಮೀನು ಮಾಂಸದವರು ಅಮ್ಮ. ಮನೆಗೆ ಬಂದವರಿಗೆ ಅವರ ಊಟ ಬಡಿಸಲಿಕ್ಕೆ ಆಗದ ಮೇಲೆ ಎಂತ ಸಂಬಂಧ?"

"ಬಡಿಸಿದರೆ ಒಪ್ಪುತ್ತೀಯಾ?" ಎಂದರು ಶ್ರೀಮತಿಯಮ್ಮ.

ಅದು ಆಗದ ಮಾತೆಂಬ ಧೈರ್ಯದಲ್ಲಿ ಸುದರ್ಶನ ಹೂಂ ಅಂದ.

ದಾರಿ ತೋರಿಸಿದವಳು ಅಮೂಲ್ಯಾ. ಮರದ ಹಲಗೆಯ ಮೇಲೆ ಮಾಂಸದ ತೆಳು ಬಿಲ್ಲೆಗಳನ್ನು ಹೂವಿನಂತೆ ಜೋಡಿಸಿದ ಚಿತ್ರವೊಂದನ್ನು ಮೊಬೈಲಿನಲ್ಲಿ ತೋರಿಸಿದಳು.

"ಇದಕ್ಕೆ ನಮ್ಮ ಒಲೆಯೇ ಬೇಡ ಅಜ್ಜಿ. ಉಪ್ಪು ಹಾಕಿ, ಒಣಗಿಸಿ, ಹೊಗೆ ಕೊಟ್ಟು ಇಟ್ಟದ್ದು. ಪ್ಯಾಕೆಟ್ ಒಡೆದು ಜೋಡಿಸೋದು, ಬಸ್."

"ಅಂದರೆ ನಮ್ಮ ಹಪ್ಪಳ ಸಂಡಿಗೆಯ ಹಾಗೆ," ಎಂದರು ಶ್ರೀಮತಿಯಮ್ಮ. ಆ ಹೋಲಿಕೆಯಿಂದ ಅವರ ಮನಸ್ಸಿಗೆ ತುಂಬಾ ಸಮಾಧಾನವಾಯಿತು.

ಭಾನುವಾರ ವಾಶಿಯ ಅಂಗಡಿಯಿಂದ ಆ ಬಿಲ್ಲೆಗಳು, ಸಲಾಮಿ, ಹ್ಯಾಮ್ ಎಂಬ ಹೆಸರಿನ ಪ್ಯಾಕೆಟ್‌ಗಳಲ್ಲಿ ಬಂದವು. ಹಲಗೆಗೆಂದು ಶ್ರೀಮತಿಯಮ್ಮ ಮದುವೆಯ ಕಾಲದ ಮಣೆ ತೆಗೆದು, ಮೈಲಿಗೆ ಆಗಬಾರದೆಂದು ಅದರ ಮೇಲೆ ಬಾಳೆಲೆ ಹಾಸಿ, ಎಡತುದಿಗೆ ಉಪ್ಪು ಬಡಿಸಿದರು.

"ಅಜ್ಜಿ, ಅದರಲ್ಲೇ ಬೇಕಾದಷ್ಟು ಉಪ್ಪುಂಟು!"

"ಇರಲಿ. ಉಪ್ಪಿಲ್ಲದೆ ಎಲೆ ಬಡಿಸುವುದುಂಟಾ?"

ಸೊಸೆ ಪ್ರಭಾ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಮನೆಯವರಿಗೆಂದು ಗೋಳಿಬಜೆ ಕರಿಯತೊಡಗಿದಳು. ಅಮೂಲ್ಯಾ ಚಿಮಟದಲ್ಲಿ ಒಂದೊಂದೇ ಬಿಲ್ಲೆ ಹರಡುತ್ತಿದ್ದಳು. ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದ ಸುದರ್ಶನನ ಕಾಲು ನಿಂತಿತು.

"ಹಾಗೆ ಚಪ್ಪಟೆ ಇಡುವುದಲ್ಲ. ಎರಡು ಮಡಿಕೆ ಮಡಚಿ ನಿಲ್ಲಿಸು. ದ್ರಾಕ್ಷಿ ದೂರ ಇಡು, ನೀರು ಬಿಡ್ತದೆ."

ಹೇಳಿದವನೇ ಅಂಗಿ ಬದಲಿಸಲು ಹೋದ. ಶ್ರೀಮತಿಯಮ್ಮನಿಗೆ ಅವನ ಹಳೆಯ ಕಾಗದಗಳು ನೆನಪಾದವು. ಮದುವೆಗೆ ಮೊದಲು ಸುದರ್ಶನ ನಾಲ್ಕು ವರ್ಷ ಹಡಗಿನ ಅಡುಗೆಮನೆಯಲ್ಲಿದ್ದ. 'ನಾನು ಬರೀ ತರಕಾರಿ ವಿಭಾಗ' ಎಂದು ಪ್ರತಿ ಕಾಗದದಲ್ಲೂ, ಯಾರೂ ಕೇಳದಿದ್ದರೂ, ಬರೆಯುತ್ತಿದ್ದ.

ಅಮೂಲ್ಯಾ ಸೀರೆ ಉಟ್ಟು ಬರುವಷ್ಟರಲ್ಲಿ ಮಣೆಯ ಮೇಲೆ ಮಡಚಿ ನಿಲ್ಲಿಸಿದ್ದ ಹನ್ನೆರಡು ಹೂಗಳು ಹನ್ನೊಂದಾಗಿದ್ದವು. ಸುದರ್ಶನ ಬಾಲ್ಕನಿಯಲ್ಲಿ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ಶ್ರೀಮತಿಯಮ್ಮ ಒಂದು ಗೊಂಚಲು ದ್ರಾಕ್ಷಿ ಸರಿಸಿ ಆ ಜಾಗ ಮುಚ್ಚಿದರು.

ಹುಡುಗನ ಅಪ್ಪ ಜಯಶೀಲ, ಅಮ್ಮ ಜಲಜಾಕ್ಷಿ ಬಂದು ಕುಳಿತರು. ಜಲಜಾಕ್ಷಿಯ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು.

"ಅರಶಿನ ಎಲೆಯ ಗಟ್ಟಿ ಅಮ್ಮ, ಬರೀ ಅಕ್ಕಿ ಬೆಲ್ಲ ಕಾಯಿ. ಹೊಸ ಪಾತ್ರೆಯಲ್ಲೇ ಬೇಯಿಸಿದ್ದು. ನೀವು ತಿನ್ನಬಹುದು."

"ಅವಳು ನಿನ್ನೆ ಪಾತ್ರೆಗೆಂದೇ ಕಲ್ಯಾಣ್‌ಗೆ ಹೋಗಿದ್ದಳು," ಎಂದ ಜಯಶೀಲ.

ಶ್ರೀಮತಿಯಮ್ಮ ಡಬ್ಬಿಯ ಮುಚ್ಚಳ ತೆಗೆದು ಪರಿಮಳ ನೋಡಿದರು. ಅಷ್ಟರಲ್ಲಿ ಅಮೂಲ್ಯಾ ಮಣೆಯನ್ನು ತಂದು ಅತಿಥಿಗಳ ಮುಂದಿಟ್ಟಳು. ಗಂಡ ಹೆಂಡತಿ ಮಣೆಯನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಅಯ್ಯೋ ಅಮ್ಮ," ಎಂದಳು ಜಲಜಾಕ್ಷಿ ಮೆಲ್ಲಗೆ. "ಇವತ್ತು ಸಂಕ್ರಮಣ ಅಲ್ವಾ? ದೈವಕ್ಕೆ ಹೂವು ನೀರು ಇಡುವ ದಿನ. ನಾವು ಇವತ್ತು ಮೀನೂ ಮುಟ್ಟುವುದಿಲ್ಲ."

ಮಾಂಸ ತಿನ್ನುವವರಿಗೂ ತಿನ್ನದ ದಿನವೊಂದು ಇರಬಹುದೆಂದು ಎಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಶ್ರೀಮತಿಯಮ್ಮನಿಗೆ ಹೊಳೆದಿರಲಿಲ್ಲ. ಅವರ ಮುಖ ಬಾಡಿತು. ಬಡಿಸಿಯೂ ಬಡಿಸಿದಂತಾಗಲಿಲ್ಲ. ಸುದರ್ಶನನಿಗೆ ಈಗ ಸಂಬಂಧ ಬೇಡವೆನ್ನಲು ನೆವ ಸಿಕ್ಕಿತು.

ಆ ಬಾಡಿದ ಮುಖ ಜಲಜಾಕ್ಷಿಗೂ ಕಂಡಿರಬೇಕು.

"ನೀವು ನಿಮ್ಮ ರೂಢಿ ಬಿಟ್ಟು ಇಷ್ಟು ಮಾಡಿದ್ದು ನಮಗಾಗಿ. ಬಿಟ್ಟು ಹೋಗ್ತೇವಾ? ಕಟ್ಟಿ ಕೊಡಿ, ನಾಳೆ ಸೋಮವಾರವೂ ತಿನ್ನುವುದಿಲ್ಲ, ಮಂಗಳವಾರ ತಿನ್ತೇವೆ. ಅಷ್ಟು ದಿನ ಹಾಳಾಗ್ಲಿಕ್ಕಿಲ್ಲ ಅಲ್ವಾ?"

"ಇಲ್ಲ, ಇಲ್ಲ," ಎಂದ ಸುದರ್ಶನ. ಹೋಟೆಲಿನವನ ಬಾಯಿ, ತಡೆಯಲಿಲ್ಲ. "ಫ್ರಿಜ್‌ನಲ್ಲಿಟ್ಟರೆ ಬುಧವಾರದವರೆಗೂ ಇರ್ತದೆ. ಬಟರ್ ಪೇಪರ್ ಸುತ್ತಿ ಇಡಿ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೀಬೇಕು, ಆಗಲೇ ರುಚಿ ಬಿಡುವುದು."

ಅಡುಗೆಮನೆಯಲ್ಲಿ ಪ್ರಭಾಳ ಜಾಲರಿ ಸೌಟಿನ ಸದ್ದು ನಿಂತಿತು. ಬಾಗಿಲು ಒಂದಂಗುಲ ತೆರೆಯಿತು. ಸುದರ್ಶನನ ಕಿವಿ ಕೆಂಪಾಯಿತು.

"ಹೋಟೆಲಿನವರಿಗೆ ಗೊತ್ತಿಲ್ಲದ್ದು ಎಂತ ಉಂಟು," ಎಂದು ಜಲಜಾಕ್ಷಿ ಅವನ ಕೈಗೊಂದು ಗಟ್ಟಿ ಕೊಟ್ಟಳು.

"ಹಡಗಿನಲ್ಲಿದ್ದನಲ್ಲ," ಎಂದರು ಶ್ರೀಮತಿಯಮ್ಮ. "ತರಕಾರಿ ವಿಭಾಗ." ಆಮೇಲೆ ಮಗನ ಕಡೆ ತಿರುಗಿದರು. "ಸುದರ್ಶನ, ಇನ್ನೇನಾದರೂ ಹೇಳಲಿಕ್ಕುಂಟಾ?"

ಅವನು ಗಟ್ಟಿಯನ್ನು ನಿಧಾನವಾಗಿ ಅಗಿದು ನುಂಗಿದ.

"ಇಲ್ಲಮ್ಮ. ಹುಡುಗನ ಜಾತಕ ತಂದಿದ್ದರೆ ಕೊಡಲಿ."

ಅತಿಥಿಗಳು ಗೋಳಿಬಜೆ ತಿಂದರು. ಹೊರಡುವಾಗ ಕಟ್ಟಿಕೊಡಲು ಕುಳಿತವನು ಸುದರ್ಶನನೇ. ಅಷ್ಟು ಚಂದದ ಮಡಿಕೆ ಅವನ ಹೋಟೆಲಿನ ಮಸಾಲೆದೋಸೆಗೂ ಸಿಕ್ಕಿರಲಿಕ್ಕಿಲ್ಲ. ದ್ರಾಕ್ಷಿಯ ಗೊಂಚಲು ಎತ್ತಿದಾಗ ಅದರಡಿಯ ಖಾಲಿ ಜಾಗ ಜಲಜಾಕ್ಷಿಯ ಕಣ್ಣಿಗೆ ಬಿತ್ತು. ಅವಳು ಸುದರ್ಶನನ ಮುಖ ನೋಡಲಿಲ್ಲ.

"ನಮಗೆ ಇಷ್ಟೆಲ್ಲ ಮುಗಿಯುವುದಿಲ್ಲ ಅಮ್ಮ," ಎಂದಳು ಶ್ರೀಮತಿಯಮ್ಮನಿಗೆ. "ಎರಡು ಹೂ ಇಲ್ಲೇ ಇರಲಿ."