ಬಿಡ್ತು ಅನ್ನಿ

ಕೆಟ್ಟ ಮಾತು ಯಾರ ಬಾಯಿಂದ ಬಂದರೂ ತಕ್ಷಣ ‘ಬಿಡ್ತು ಅನ್ನಿ’ ಎನ್ನುವುದು ಇಂದುವಿನ ರೂಢಿ. ಮೈಸೂರಿನ ಈ ಅಭ್ಯಾಸ ಅಮೆರಿಕದ ಬೆರ್ರಿಯೆಸಾಕ್ಕೂ ಅವಳ ಜೊತೆಗೇ ಬಂದಿತ್ತು. ಅವಳ ಮಗಳು ಲಾಸ್ಯಾಳನ್ನು ಹಸುಗೂಸಿನಿಂದ ನೋಡಿಕೊಂಡ ನೇಪಾಳದ ದಿಲ್‌ಮಾಯಾ ಈ ಮನೆಯಲ್ಲಿ ಕಲಿತ ಮೊದಲ ಕನ್ನಡವೂ ಅದೇ.

ಭೂಕಂಪದ ನಂತರ ನೇಪಾಳದವರಿಗೆ ಗಡೀಪಾರಾಗದಂತೆ ಅಮೆರಿಕ ಕೊಟ್ಟಿದ್ದ ತಾತ್ಕಾಲಿಕ ರಕ್ಷಣೆ ಮುಗಿಯುತ್ತದೆಂದು ಸುದ್ದಿ ಬಂದಾಗ ದಿಲ್‌ಮಾಯಾ ಕೇಳಿದ್ದು ಒಂದೇ. ಅವಳಿಗೆ ಗಂಡನಿಲ್ಲ. ಮಗಳು ಬಿಪನಾ ಇಲ್ಲೇ ಹುಟ್ಟಿದವಳು, ಇನ್ನೂ ಚಿಕ್ಕವಳು.

“ದೀದಿ, ನನ್ನ ಹಿಡ್ಕೊಂಡು ಹೋದ್ರೆ ಬಿಪನಾನ ಸ್ವಲ್ಪ ದಿನ ಇಟ್ಕೋತೀರಾ? ಆಮೇಲೆ ನನ್ನ ಹತ್ರ ಕಳ್ಸಿ. ಸ್ಕೂಲಿಗೆ, ಡಾಕ್ಟರಿಗೆ ನಿಮ್ಮದೊಂದು ಸೈನು ಬೇಕು.”

“ಬಿಡ್ತು ಅನ್ನಿ ದಿಲ್‌ಮಾಯಾ. ಅಂಥ ಮಾತು ಆಡಬಾರ್ದು.”

“ಬಿಡ್ತು,” ಎಂದಳು ಪಾಪ.

ಮತ್ತೆರಡು ಸಲ ಕೇಳಿದಳು. ಇಂದುವಿನದು ಅದೇ ಮಾತು. ಶಕುನವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಗ್ರೀನ್ ಕಾರ್ಡಿನ ಸರತಿಯಲ್ಲಿ ಇಂದುವಿನ ಮನೆಯವರೇ ವರ್ಷಗಟ್ಟಲೆ ಕಾಯುತ್ತಿದ್ದರು. “ನಮ್ಮ ಹೆಸ್ರು ಯಾವ ಪೇಪರಲ್ಲೂ ಬರೋದು ಬೇಡ, ರಿಸ್ಕು” ಎಂದು ಗಂಡ ಯಶಸ್ ಹೇಳಿದ್ದ. ಆಗಲ್ಲ ಎಂದು ಮುಖಕ್ಕೆ ಹೇಳುವ ಧೈರ್ಯವಿಲ್ಲದೆ ಇಂದು ಶಕುನದ ಹಿಂದೆ ಅಡಗಿಕೊಂಡಳು. ಲಿವರ್‌ಮೋರ್ ದೇವಸ್ಥಾನದಲ್ಲಿ ದಿಲ್‌ಮಾಯಾಳ ಹೆಸರಲ್ಲಿ ಅರ್ಚನೆಯನ್ನು ಮಾತ್ರ ತಪ್ಪದೆ ಮಾಡಿಸಿದಳು. ಅರ್ಚನೆಗೆ ಸೈನು ಬೇಕಿರಲಿಲ್ಲ.

ಆಮೇಲೆ ದಿಲ್‌ಮಾಯಾ ಕೇಳುವುದನ್ನೇ ಬಿಟ್ಟಳು. ಒಂದು ಸಂಜೆ ಆಫೀಸಿನಿಂದ ಬಂದ ಇಂದು ತಾನೇ ತಡೆಯಲಾರದೆ ಬಾಯಿಬಿಟ್ಟಳು.

“ಬಿಪನಾ ವಿಷ್ಯ ಏನಾಯ್ತು?”

“ಆಯ್ತು ದೀದಿ. ನಮ್ಮ ಕೆಳಗಿನ ಮನೆ ಎಲ್ವಿರಾ ಇಟ್ಕೋತಾರೆ. ಸೈನು ಮಾಡಿದ್ರು.”

“ಅವ್ರದ್ದೇ ಪೇಪರ್ಸ್ ಸರಿಯಿಲ್ಲ ಅಂದಿದ್ರಲ್ಲ?”

“ಹೌದು. ಆದ್ರೂ ಹೂಂ ಅಂದ್ರು.”

ಇಂದುವಿಗೆ ಮೊದಲು ಆದದ್ದು ನಾಚಿಕೆಯಲ್ಲ, ನಿರಾಳ. ಸದ್ಯ, ತಪ್ಪಿತು ಎನಿಸಿತು. ಹಾಗೆ ಎನಿಸಿದ್ದು ಅರಿವಾದ ಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಗಿ ಕುಗ್ಗಿಹೋದಳು.

ದಿಲ್‌ಮಾಯಾ ಲಾಸ್ಯಾಳ ಊಟದ ಡಬ್ಬಿ ಒರೆಸುತ್ತಿದ್ದಳು. “ಇನ್ನೊಂದು ದೀದಿ. ನಾನು ಒಂದಿನ ಬರ್ಲಿಲ್ಲ ಅಂದ್ರೆ ಲಾಸ್ಯಾ ಸ್ಕೂಲ್ ಗೇಟಲ್ಲಿ ಒಬ್ಳೇ ಅಳ್ತಾ ನಿಲ್ಬಾರ್ದು. ಎಲ್ವಿರಾಗೆ ಹೇಳಿದೀನಿ, ಅವಳನ್ನೂ ಕರ್ಕೊಂಡ್ ಬರ್ತಾರೆ. ಸ್ಕೂಲಲ್ಲಿ ಅವ್ರ ಹೆಸ್ರು ನೀವು ಸೇರಿಸ್ಬೇಕು.”

ಇಂದು ಅಲ್ಲೇ ನಿಂತು ಫೋನ್ ತೆಗೆದಳು. ಶಾಲೆಯ ಆ್ಯಪಿನಲ್ಲಿ ಎಲ್ವಿರಾಳ ಹೆಸರು ಸೇರಿಸಿದಳು, ನಂಬರ್ ತಪ್ಪಿರಬಾರದೆಂದು ಇನ್ನೊಮ್ಮೆ ಕೇಳಿಕೊಂಡಳು, ಕೆಳಗೆ ಬೆರಳಿನಿಂದ ಸೈನು ಮಾಡಿದಳು. ಆಮೇಲೆ ತಲೆ ಎತ್ತಿ ದಿಲ್‌ಮಾಯಾಳ ಮುಖ ನೋಡಲು ಅವಳಿಂದ ಆಗಲಿಲ್ಲ.