ಬೆಂಕಿಯತ್ತೆ ಮತ್ತು ಮುರುಟಿದ ಟೊಮೇಟೊ ಗಿಡಗಳು

ನನ್ನ ಸೋದರತ್ತೆ ಯಾವುದನ್ನೂ ನೇರವಾಗಿ ಹೋಗಿ ಮುಟ್ಟಿದವಳಲ್ಲ. ಬಾಡಿದ ಗಿಡವೊಂದನ್ನು ತೋರಿಸಿದರೆ ಮೊದಲು ಅಷ್ಟು ದೂರದಲ್ಲೇ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಅದನ್ನು ಸುತ್ತತೊಡಗುವಳು. ಒಂದು ಸುತ್ತಾದ ಮೇಲೆ ಇನ್ನೊಂದು, ಮೊದಲಿನದಕ್ಕಿಂತ ತುಸು ಕಿರಿದು. ಹೀಗೆ ವೃತ್ತ ಸಣ್ಣದಾಗುತ್ತ ಆಗುತ್ತ ಕೊನೆಗೊಮ್ಮೆ ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂರುವ ಹೊತ್ತಿಗೆ, ಸುಮ್ಮನೆ ನಿಂತು ನೋಡುತ್ತಿದ್ದ ನಮಗೇ ಕಾಲು ಹಿಡಿದುಕೊಂಡಿರುತ್ತಿತ್ತು. ಈ ನಡಿಗೆ ಅವಳಿಗೆ ವೃತ್ತಿ ಕಲಿಸಿದ್ದು. ವಿಮಾ ಕಂಪನಿಯೊಂದರಲ್ಲಿ ಅಗ್ನಿ ಅವಘಡಗಳ ತನಿಖಾಧಿಕಾರಿಯಾಗಿದ್ದವಳು, ಸುಟ್ಟ ಗೋದಾಮು, ಸುಟ್ಟ ಅಂಗಡಿ, ಸುಟ್ಟ ಅಡುಗೆಮನೆಗಳ ಬೂದಿಯೊಳಗಿನಿಂದ ಮೊದಲ ಕಿಡಿ ಹುಟ್ಟಿದ ಜಾಗವನ್ನು ಹೆಕ್ಕಿ ತೆಗೆಯುವುದರಲ್ಲೇ ತನ್ನ ಆಯುಷ್ಯದ ಬಹುಪಾಲನ್ನು ಕಳೆದವಳು. ಅದಕ್ಕೇ ನಮ್ಮ ಕಟ್ಟಡದವರಿಗೆಲ್ಲ ಅವಳು ಬೆಂಕಿಯತ್ತೆ. ಹೆಸರು ಕೇಳಿ ಹೆದರಿಕೊಂಡು ಬಂದವರು ಅವಳ ತಣ್ಣನೆಯ ದನಿಗೆ ತಬ್ಬಿಬ್ಬಾಗುತ್ತಿದ್ದರು.

ನಿವೃತ್ತಿಯಾದ ಮೇಲೆ ಅವಳು ಟೊಮೇಟೊ ಗಿಡಗಳ ಕಡೆ ತಿರುಗಿದಳು. ಕೆಲಸದ ಕಾಲದ ಬೂದುಬಣ್ಣದ ಉದ್ದ ಕೋಟು ಮಾತ್ರ ಮೈಯಿಂದ ಇಳಿಯಲಿಲ್ಲ. ಅದರ ಆಳವಾದ ಜೇಬುಗಳಲ್ಲಿ ಒಂದು ಭೂತಗನ್ನಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಮಣ್ಣು ಕೆದಕಲು ಬಾಗಿದ ಚಮಚ. ಮಾತು ಕಡಿಮೆ. ಎದುರಿನವರು ಎಷ್ಟೇ ಹೇಳಲಿ, ತಲೆದೂಗಿ "ಇರಲಿ, ಅದಕ್ಕೂ ಮುಂಚೆ?" ಎನ್ನುವಳು. ಇನ್ನೂ ಹಿಂದಕ್ಕೆ ಹೋಗಿ ಹೇಳಿದರೆ, ಮತ್ತೆ "ಅದಕ್ಕೂ ಮುಂಚೆ?" ಎಲೆ ಹಳದಿಯಾಯಿತೆಂದು ಕುಂಡವನ್ನು ಕಂಕುಳಲ್ಲಿ ಅವುಚಿಕೊಂಡು ಬಂದ ಬ್ಯಾಂಕಿನ ಅಧಿಕಾರಿಯೊಬ್ಬರು ಈ ಪ್ರಶ್ನೆಗೆ ಸಿಕ್ಕಿ, ಬೆಳಿಗ್ಗೆ ಮಧ್ಯಾಹ್ನ ಸಂಜೆ ನೀರು ಸುರಿಯುವುದನ್ನೂ, ನೆಲ ಗಲೀಜಾಗುತ್ತದೆಂದು ಕುಂಡದ ತೂತಿಗೆ ಬಿರಡೆ ಹಾಕಿದ್ದನ್ನೂ ಒಪ್ಪಿಕೊಂಡರು. "ಪ್ರೀತಿ ಸ್ವಲ್ಪ ಕಮ್ಮಿ ಮಾಡಿ, ಬೇರೂ ಉಸಿರಾಡ್ಬೇಕಲ್ವಾ" ಎಂದಳು ಅತ್ತೆ. ಕಾಯಿಯ ಬುಡವೆಲ್ಲ ಕಪ್ಪಾಗಿ ಕೊಳೆಯುತ್ತಿದೆ, ಹುಳ ಬಿದ್ದಿರಬೇಕು ಎಂದು ಅಲವತ್ತುಕೊಂಡ ಗೃಹಿಣಿಗೆ, "ಹುಳ ಇಲ್ಲ ತಾಯೀ. ನಾಲ್ಕು ದಿನ ಉಪವಾಸ ಕೆಡವಿ ಐದನೇ ದಿನ ಔತಣ ಹಾಕಿದ್ರೆ ನಮ್ಮ ಹೊಟ್ಟೆ ಕೇಳುತ್ತಾ? ನೀರು ದಿನಾ ಒಂದೇ ಸಮ ಹಾಕಿ" ಎಂದಳು. ಕಾಯಿಲೆಯ ಹೆಸರು ಹೇಳಿ ಬೆರಗುಗೊಳಿಸುವ ಚಪಲ ಅವಳಿಗೆ ಇರಲೇ ಇಲ್ಲ.

ಆದರೆ ಅವಳನ್ನು ನಾನು ನಿಜವಾಗಿ ಕಂಡದ್ದು ಟೈಲರಕ್ಕನ ಗಿಡಗಳು ಮುರುಟಿದ ವರ್ಷ.

ಟೈಲರಕ್ಕ ನೆಲಮಹಡಿಯಲ್ಲಿ ಹೊಲಿಗೆಯಂಗಡಿ ಇಟ್ಟವಳು. ಮೇಲ್ಮಹಡಿಯಲ್ಲಿ ನಿವೃತ್ತ ಬಸ್ ಡ್ರೈವರರೊಬ್ಬರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಾತೇ ಮರೆತವರಂತೆ ಕೂತಿದ್ದ ಅವರ ಕೈಗೊಂದು ಸಸಿ ಕೊಟ್ಟು ತಾರಸಿ ಹತ್ತಿಸಿದವಳೇ ಟೈಲರಕ್ಕ. ಅವಳನ್ನು 'ತಂಗಿ' ಎನ್ನದೆ ಅವರು ಕರೆದದ್ದಿಲ್ಲ. ಇಬ್ಬರೂ ಬಣ್ಣದ ಖಾಲಿ ಡಬ್ಬಗಳಲ್ಲಿ ಅಕ್ಕಪಕ್ಕ ಟೊಮೇಟೊ ಬೆಳೆಯುತ್ತಿದ್ದರು. ಆ ವರ್ಷ ಅವಳ ಗಿಡಗಳ ಚಿಗುರು ಹಗ್ಗ ಹೊಸೆದಂತೆ ತಿರುಚಿಕೊಂಡಿತು. ಎಲೆಗಳು ಸಪೂರವಾಗಿ ಮುರುಟಿದವು. ಹೂವು ಕಾಯಿಗಟ್ಟದೆ ಉದುರಿತು. ಡ್ರೈವರರ ಗಿಡಗಳೋ ನಳನಳಿಸುತ್ತಿದ್ದವು. ತಾರಸಿಯ ಮೂಲೆಯ ಬಿರುಕುಗಳಲ್ಲೆದ್ದ ಕಳೆಗೆ ಅವರು ಕಳೆನಾಶಕ ಸಿಂಪಡಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಇನ್ನೇನು ಬೇಕು? ಮಾತು ಬಿಟ್ಟಳು. ಅವರ ಕುಂಡಗಳನ್ನೆಲ್ಲ ತಾರಸಿಯಿಂದ ಇಳಿಸಬೇಕೆಂದು ಕಟ್ಟಡದ ಸಂಘದವರ ಬೆನ್ನು ಹತ್ತಿದಳು. ಬೆಂಕಿಯತ್ತೆ ಹೇಳಿದಂತಾಗಲಿ ಎಂದು ಸಂಘದವರು ಕೈ ತೊಳೆದುಕೊಂಡರು.

ಅತ್ತೆ ಬಂದಳು, ಸುತ್ತಿದಳು, ಕೂತಳು. ಎಲೆಗಳನ್ನು ಮಗುಚಿ ಭೂತಗನ್ನಡಿ ಹಿಡಿದಳು. ಒಂದು ಗಿಡವನ್ನು ಮಣ್ಣುಸಮೇತ ಹೊರತೆಗೆದು ಬೇರುಗಳನ್ನು ಬ್ರಷ್ಷಿನಿಂದ ನವಿರಾಗಿ ಉಜ್ಜಿದಳು. ಹುಳವಿಲ್ಲ, ಕೊಳೆತವಿಲ್ಲ.

"ಇದು ಕಳೆನಾಶಕದ್ದೇ ಕೆಲಸ."

"ನಾನ್ ಹೇಳ್ಲಿಲ್ವಾ!" ಎಂದಳು ಟೈಲರಕ್ಕ.

"ತಂಗೀ, ನಾನು ಆ ಮೂಲೇಲಿ ಮಾತ್ರ..." ಎಂದರು ಡ್ರೈವರರು. ಅವರ ಕೈ ಗೋಡೆಯನ್ನು ತಡಕುತ್ತಿತ್ತು.

"ಇರಿ, ನಂದಿನ್ನೂ ಮುಗಿದಿಲ್ಲ." ಅತ್ತೆ ಟೈಲರಕ್ಕನ ಸಾಲಿನ ತುದಿಯ ಡಬ್ಬದತ್ತ ಬೆರಳು ಮಾಡಿದಳು. ಕಳೆನಾಶಕ ಬಿದ್ದ ಮೂಲೆಗೆ ಎಲ್ಲಕ್ಕಿಂತ ಹತ್ತಿರವಿದ್ದ ಆ ಗಿಡ ಸೊಂಪಾಗಿತ್ತು. "ಇದೊಂದು ಯಾಕೆ ಚೆನ್ನಾಗಿದೆ?"

"ಅದಕ್ಕೆ ಹೊಸ ಗೊಬ್ಬರ ಹಾಕೋದು ಮರೆತೇಬಿಟ್ಟೆ. ಹೋದ ವರ್ಷದ ಮಣ್ಣಲ್ಲೇ ನೆಟ್ಟೆ."

"ಉಳಿದವಕ್ಕೆ?"

"ನನಗೊಬ್ಬಳಿಗೇ ಅಂತ ನೀವೇ ಒಂದು ಮೂಟೆ ತಂದುಕೊಟ್ರಲ್ಲ ಅತ್ತೆ, ಕುದುರೆ ಲಾಯದ ಗೊಬ್ಬರ. ಅದನ್ನೇ ಹಾಕಿದ್ದು."

ನೆರೆದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಗೊಬ್ಬರವೆಂದರೆ ಗೊಬ್ಬರ, ಅಷ್ಟೆ. ಅತ್ತೆಯ ಪಕ್ಕದಲ್ಲೇ ನಿಂತಿದ್ದ ನಾನು ಮಾತ್ರ, ಭೂತಗನ್ನಡಿಯನ್ನು ಜೇಬಿಗಿಳಿಸುತ್ತಿದ್ದ ಅವಳ ಕೈ ಅರೆಕ್ಷಣ ತಡೆದದ್ದನ್ನು ನೋಡಿದೆ. ಮೂಟೆಯ ತಳದಲ್ಲಿ ಉಳಿದಿದ್ದ ಗೊಬ್ಬರವನ್ನು ಕೇಳಿ ಪಡೆದು, ಎರಡು ವಾರ ಯಾರ ಕುಂಡವನ್ನೂ ಯಾರೂ ಕದಲಿಸಬಾರದೆಂದು ಹೇಳಿ, ಅವಳು ಇಳಿದುಹೋದಳು.

ಅವಳ ಕಿಟಕಿಯಲ್ಲಿ ಕಾಗದದ ಲೋಟಗಳ ಎರಡು ಸಾಲು ಎದ್ದವು. ಒಂದು ಸಾಲಿಗೆ ಬರೀ ಮಣ್ಣು, ಇನ್ನೊಂದಕ್ಕೆ ಅದೇ ಮಣ್ಣಿನ ಜೊತೆ ಆ ಗೊಬ್ಬರ. ಎರಡರಲ್ಲೂ ಹುರುಳಿಕಾಯಿ ಬೀಜ. ಮೊದಲ ಸಾಲಿನ ಎಲೆಗಳು ಅಂಗೈಯಂತೆ ಬಿಡಿಸಿಕೊಂಡವು. ಎರಡನೆಯದರಲ್ಲಿ ಮುಷ್ಟಿ ಬಿಗಿದಂತೆ ಮುದುಡಿದವು. ಲಾಯಕ್ಕೆ ಫೋನು ಮಾಡಿ ವಿಚಾರಿಸಿದಾಗ, ಕುದುರೆಗಳು ತಿಂದ ಹುಲ್ಲು, ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನಷ್ಟೇ ಸಾಯಿಸುವ ಕಳೆನಾಶಕ ಹೊಡೆದ ಹೊಲದ್ದೆಂದು ತಿಳಿಯಿತು. ಆ ವಿಷ ಕುದುರೆಯ ಹೊಟ್ಟೆಯನ್ನೂ ದಾಟಿ ಲದ್ದಿಯಲ್ಲಿ ಉಳಿದುಬಂದಿತ್ತು. ತನ್ನ ವಿರುದ್ಧವೇ ಬೆಳೆಯುತ್ತಿದ್ದ ಆ ಸಾಕ್ಷಿಗೆ ಅತ್ತೆ ದಿನವೂ ಅಳತೆ ತಪ್ಪದೆ ನೀರೆರೆಯುತ್ತಿದ್ದಳು. ಎರಡೂ ಸಾಲುಗಳಿಗೆ ಒಂದೇ ಸಮ ಬಿಸಿಲು ಬೀಳಲೆಂದು ಲೋಟಗಳನ್ನು ತಿರುಗಿಸಿಡುತ್ತಿದ್ದಳು.

ತಡೆಯಲಾರದೆ ಕೇಳಿದೆ: "ಅತ್ತೆ, ಡ್ರೈವರ್ ಅಣ್ಣಂದು ತಪ್ಪಿಲ್ಲ, ಕಾರಣ ಗೊತ್ತಾಗ್ಲಿಲ್ಲ ಅಂದ್ಬಿಟ್ರೆ ಸಾಕಲ್ವಾ?"

"ಕಾರಣ ಗೊತ್ತಾಗ್ಲಿಲ್ಲ ಅಂದ್ರೆ ಅವಳ ಅನುಮಾನ ಎಲ್ಲಿಗೆ ಹೋಗುತ್ತೆ? ಆ ಮನುಷ್ಯನ ಹೆಗಲ ಮೇಲೇ ಕೂತಿರುತ್ತೆ."

ತಾರಸಿಯಲ್ಲಿ ಎಲ್ಲರೂ ಸೇರಿದಾಗ ಲೋಟಗಳನ್ನು ಕಟ್ಟೆಯ ಮೇಲೆ ಜೋಡಿಸಿಟ್ಟು, ಕಂಪನಿಯ ಕಚೇರಿಯಲ್ಲಿ ವರದಿ ಒಪ್ಪಿಸುತ್ತಿದ್ದ ಅದೇ ಸಮದನಿಯಲ್ಲಿ ಹೇಳಿದಳು: "ವಿಷ ಈ ಗೊಬ್ಬರದಲ್ಲಿತ್ತು. ತಂದವಳು ನಾನು. ಪರೀಕ್ಷೆ ಮಾಡದೆ ಕೊಟ್ಟವಳೂ ನಾನು. ಡ್ರೈವರರದ್ದು ಏನೂ ತಪ್ಪಿಲ್ಲ." ತನ್ನನ್ನು ಹಳಿದುಕೊಳ್ಳುವ ನಾಟಕ ಇರಲಿಲ್ಲ.

ಟೈಲರಕ್ಕ ಮುದುಡಿದ ಎಲೆಯೊಂದನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಆಮೇಲೆ ಡ್ರೈವರರ ಕಡೆ ತಿರುಗಿ, ಮುಖವೆತ್ತದೆ, "ಆ ಅಂಗಿ ಬಿಚ್ಚಿ ಕೊಡಿ ಅಣ್ಣಾ, ತೋಳಿನ ಹೊಲಿಗೆ ಬಿಟ್ಟಿದೆ" ಎಂದಳು.

"ಬಿಟ್ಟು ತಿಂಗಳಾಯ್ತು ತಂಗೀ. ನೀನು ಈ ಕಡೆ ನೋಡಿದ್ರೆ ತಾನೇ?" ಎಂದರು ಅವರು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಕೆಟ್ಟ ಮಣ್ಣನ್ನೆಲ್ಲ ಅತ್ತೆ ತಾನೇ ಹೊತ್ತು ಇಳಿಸಿದಳು. ಸಹಾಯಕ್ಕೆ ಹೋದ ನನ್ನನ್ನು ಕೋಟಿನ ತೋಳಿನಿಂದಲೇ ಸರಿಸಿದಳು. ಆ ವರ್ಷ ಟೈಲರಕ್ಕನಿಗೆ ಹಣ್ಣು ಸಿಕ್ಕಿದ್ದು ಗೊಬ್ಬರ ಕಾಣದ ಆ ಒಂದೇ ಗಿಡದಿಂದ.

ಲೋಕದಲ್ಲಿ ಕಾರಣ ಹುಡುಕುವವರಿಗೆ ಬರವಿಲ್ಲ. ಎದುರುಮನೆಯ ಬಾಗಿಲವರೆಗೆ ನಮ್ಮ ಸತ್ಯಶೋಧನೆ ಎಂಥ ಹುರುಪಿನಿಂದ ನಡೆದುಹೋಗುತ್ತದೆ. ನಮ್ಮದೇ ಹೊಸ್ತಿಲು ಕಂಡಾಗ ಮಾತ್ರ ಅದಕ್ಕೆ ಇದ್ದಕ್ಕಿದ್ದಂತೆ ದಣಿವಾಗುತ್ತದೆ. ಆ ಹೊಸ್ತಿಲನ್ನೂ ಬೇರೆಯವರದೆಂಬಂತೆ ದಾಟಿ ಒಳಗೆ ಹೋಗಬಲ್ಲವರು ಎಲ್ಲೋ ಕೆಲವರು. ಅಂಥವರ ಪಕ್ಕದಲ್ಲಿ ಬದುಕುವುದು ಸುಲಭವೆಂದು ನಾನು ಹೇಳಲಾರೆ. ಅವರ ಎದುರು ನಮ್ಮ ಸಣ್ಣಪುಟ್ಟ ಜಾಣತನಗಳೆಲ್ಲ ಕುಗ್ಗಿಹೋಗುತ್ತವೆ. ಆದರೂ, ಮಾಡದ ತಪ್ಪಿಗೆ ಹತ್ತು ಜನರ ನಡುವೆ ಗೋಡೆ ಹಿಡಿದು ನಿಲ್ಲಬೇಕಾಗಿ ಬಂದ ದಿನ, ಆ ಹತ್ತು ಜನರಲ್ಲಿ ಅಂಥವರೊಬ್ಬರು ಇರಲಿ ಎಂದು ಬಯಸದವರು ಯಾರು?